ದಿನಾ ನೀರು ಹುಯ್ಕೊಳ್ಳಿ, ಸೋಪು ಮಾತ್ರ ಜಾಗ ನೋಡಿ ಹಚ್ಚಿ

ದಿನಾ ಸ್ನಾನ ಮಾಡಿದರೆ ಚರ್ಮ ಕೆಡುತ್ತಾ, ಎಷ್ಟು ಸಲ ಮಾಡಬೇಕು ಅನ್ನುವ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡೋಣ. ಮೈಸೂರು, ಮಂಡ್ಯ ಸೀಮೆಯಲ್ಲಿ ಆರೋಗ್ಯವಾಗಿರುವ ದೊಡ್ಡವರು ದಿನಕ್ಕೊಂದು ಸಲ ಸ್ನಾನ ಮಾಡಿದರೆ ಚರ್ಮಕ್ಕೆ ಏನೂ ಆಗಲ್ಲ. ಬೇಸಿಗೆಯಲ್ಲಿ ಸಂಜೆ ಇನ್ನೊಂದು ಸಲ ಮೈಗೆ ನೀರು ಹುಯ್ಕೊಂಡರೂ ಏನೂ ಆಗಲ್ಲ. ಚಳಿಗಾಲದಲ್ಲಿ ವಯಸ್ಸಾದವರು ದಿನ ಬಿಟ್ಟು ದಿನ ಸ್ನಾನ ಮಾಡಿದರೆ ಅವರನ್ನು ಯಾರೂ ಕೊಳಕರು ಅನ್ನಬೇಕಿಲ್ಲ. ಚರ್ಮದ ಮಟ್ಟಿಗೆ ಸ್ನಾನದ ಲೆಕ್ಕಕ್ಕಿಂತ ಬೇರೆ ನಾಲ್ಕು ವಿಷಯ ಮುಖ್ಯ: ನೀರು ಎಷ್ಟು ಬಿಸಿ, ಬಚ್ಚಲಲ್ಲಿ ಎಷ್ಟು ಹೊತ್ತು, ಸೋಪು ಎಲ್ಲೆಲ್ಲಿಗೆ, ಒರೆಸಿಕೊಂಡ ಮೇಲೆ ಏನು ಹಚ್ಚುತ್ತೀರಿ.

ಬ್ರಿಟನ್‌ನಲ್ಲಿ ಇಸುಬು ಇರುವ 438 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಒಂದೋ ಎರಡೋ ಸಲ, ಇನ್ನೊಂದಕ್ಕೆ ಹೆಚ್ಚುಕಮ್ಮಿ ದಿನಾ ಸ್ನಾನ ಮಾಡಲು ಹೇಳಿ ಪರೀಕ್ಷೆ ನಡೆಸಿದರು. 2025ರಲ್ಲಿ ಹೊರಬಂದ ಅದರ ಫಲಿತಾಂಶದಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇಸುಬು ಅಂದರೆ ಮೊದಲೇ ಸೂಕ್ಷ್ಮವಾದ, ನೀರು ಹಿಡಿದಿಟ್ಟುಕೊಳ್ಳಲಾರದ ಚರ್ಮ. ಅಂಥ ಚರ್ಮಕ್ಕೇ ದಿನದ ಸ್ನಾನ ಹೊರೆಯಾಗಲಿಲ್ಲ. ಹಾಗಂತ ನಮಗೂ ವಾರಕ್ಕೊಂದು ಸ್ನಾನ ಸಾಕು ಅನ್ನೋಕೆ ಬರಲ್ಲ. ಏಪ್ರಿಲ್ ಬಿಸಿಲಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದವರ ಅಂಗಿ ಹಿಂಡಿ ನೋಡಿದರೆ ಕಾರಣ ಗೊತ್ತಾಗುತ್ತೆ.

ಚರ್ಮದ ತೀರಾ ಮೇಲಿನ ಪದರ ಕೂದಲೆಳೆಗಿಂತ ತೆಳು. ಹದಿನೈದು ಇಪ್ಪತ್ತು ಸಾಲು ಸತ್ತ ಜೀವಕೋಶಗಳು, ಅವುಗಳ ನಡುವೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲ ಸೇರಿದ ಒಂದು ಜಿಡ್ಡು. ಒಳಗಿನ ನೀರನ್ನು ಒಳಗೇ ಉಳಿಸುವುದು, ಹೊರಗಿನ ಧೂಳು, ರೋಗಾಣುಗಳನ್ನು ಹೊರಗೇ ನಿಲ್ಲಿಸುವುದು ಈ ಜಿಡ್ಡೇ. ಇದರ ಜೊತೆಗೆ ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಸ್ವಭಾವದ್ದು, ಅದರ ಪಿಹೆಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕಮ್ಮಿ ಇದ್ದರೆ ಹುಳಿ, ಹೆಚ್ಚಿದ್ದರೆ ಕ್ಷಾರ) ಹೆಚ್ಚುಕಡಿಮೆ 4.5ರಿಂದ 5.5. ಸಾಮಾನ್ಯ ಸೋಪಿನದು 9ರಿಂದ 10. ಒಂದು ಸಲ ಸೋಪು ಹಚ್ಚಿ ತೊಳೆದರೆ ಚರ್ಮದ ಪಿಹೆಚ್ ಮೇಲೇರುತ್ತೆ, ಮತ್ತೆ ತನ್ನ ಮಟ್ಟಕ್ಕೆ ಇಳಿಯಲು ಕೆಲವು ಗಂಟೆ ಹಿಡಿಯುತ್ತೆ. ಸೋಪು ಕೊಳೆಯ ಜಿಡ್ಡು ಯಾವುದು, ಚರ್ಮದ ಜಿಡ್ಡು ಯಾವುದು ಅಂತ ನೋಡಲ್ಲ, ಎರಡನ್ನೂ ಎತ್ತಿಕೊಂಡು ಹೋಗುತ್ತೆ. ಇಪ್ಪತ್ತು ವರ್ಷದವರಿಗೆ ಇದು ಗೊತ್ತೇ ಆಗಲ್ಲ, ಹೋದದ್ದು ಬೇಗ ತುಂಬಿಕೊಳ್ಳುತ್ತೆ. ಐವತ್ತು ದಾಟಿದ ಮೇಲೆ ತುಂಬಿಕೊಳ್ಳುವ ವೇಗ ಇಳಿಯುತ್ತೆ. ಆಗ ಡಿಸೆಂಬರ್‌ನಲ್ಲಿ ಕಾಲಿನ ಮುಂಭಾಗ ಬೆಳ್ಳಗೆ ಬಿರಿದು, ಉಗುರಲ್ಲಿ ಗೀರಿದರೆ ಗೆರೆ ಮೂಡುವ ಹಾಗೆ ಆಗುತ್ತೆ.

ಹಾಗಾದರೆ ಸೋಪು ಎಲ್ಲಿಗೆ ಬೇಕು? ಕಂಕುಳು, ತೊಡೆಸಂದು, ಹಿಂಭಾಗ, ಪಾದ, ಮತ್ತೆ ಹೆಂಗಸರಲ್ಲಿ ಎದೆಯ ಕೆಳಗಿನ ಮಡಿಕೆ. ಇಷ್ಟಕ್ಕೆ ದಿನಾ ಬೇಕು. ಮೈಮೇಲೆಲ್ಲ ಬರುವ ಬೆವರು ಬರೀ ಉಪ್ಪು ನೀರು, ಅದಕ್ಕೆ ವಾಸನೆ ಇಲ್ಲ, ನೀರಲ್ಲೇ ತೊಳೆದು ಹೋಗುತ್ತೆ. ಕಂಕುಳು, ತೊಡೆಸಂದಿನಲ್ಲಿ ಬೇರೆ ಜಾತಿಯ ಬೆವರುಗ್ರಂಥಿಗಳಿವೆ. ಅಲ್ಲಿಯ ಬೆವರನ್ನು ಬ್ಯಾಕ್ಟೀರಿಯಾ ಒಡೆದಾಗ ಹುಟ್ಟುವುದೇ ನಾವು ಮೈವಾಸನೆ ಅನ್ನುವುದು. ತೋಳು, ಹೊಟ್ಟೆ, ಬೆನ್ನು, ತೊಡೆ, ಕಣಕಾಲಿಗೆ ಮಣ್ಣೋ ಎಣ್ಣೆಯೋ ಮೆತ್ತಿಕೊಂಡಿಲ್ಲದಿದ್ದರೆ ವಾರಕ್ಕೆ ಎರಡು ಮೂರು ಸಲ ಸೋಪು ಸಾಕು. ಗುಪ್ತಾಂಗಕ್ಕೆ ಹೊರಗಡೆ ಮಾತ್ರ, ಅದೂ ನೀರು ಅಥವಾ ತೀರಾ ಸೌಮ್ಯವಾದದ್ದು. ಒಳಗೆ ಏನೂ ಹಾಕಬಾರದು. ಅದಕ್ಕೆಂದೇ ಮಾರುವ ಪರಿಮಳದ ಬಾಟಲಿಗಳಿಗೆ ದುಡ್ಡು ದಂಡ.

ಮಡಿಯವರ ಮನೆಯಲ್ಲಿ ದಿನಕ್ಕೆ ಎರಡು ಮೂರು ಸ್ನಾನ ಆಗುವುದುಂಟು. ಸಾವಿನ ಮನೆಗೆ ಹೋಗಿ ಬಂದರೂ ಒಂದು, ಕ್ಷೌರ ಮಾಡಿಸಿಕೊಂಡು ಬಂದರೂ ಒಂದು. ಇದರಿಂದ ಚರ್ಮ ಕೆಡುತ್ತೆ ಅಂತ ಹೆದರಬೇಕಿಲ್ಲ. ಎರಡನೆಯ ಸ್ನಾನದಿಂದ ಆಚೆಗೆ ಸೋಪು ಮುಟ್ಟದೆ, ಬರೀ ನೀರು ಸುರಿದುಕೊಂಡು ಬಂದರೆ ಮಡಿಯೂ ಆಯಿತು, ಚರ್ಮವೂ ಉಳಿಯಿತು.

ಸೋಪು ಕೊಳ್ಳುವಾಗ ಪೊಟ್ಟಣದ ಹಿಂಭಾಗ ಓದಿ. ಟಿ.ಎಫ್.ಎಂ. ಅಂತ ಒಂದು ಅಂಕಿ ಇರುತ್ತೆ, ಅದು ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಟಾಯ್ಲೆಟ್ ಸೋಪಿನಲ್ಲಿ ಇದು ಕನಿಷ್ಠ 76 ಶೇಕಡಾ ಇದ್ದರೆ ಗ್ರೇಡ್ 1, 70 ಇದ್ದರೆ ಗ್ರೇಡ್ 2, 60 ಇದ್ದರೆ ಗ್ರೇಡ್ 3. ‘ಬೇದಿಂಗ್ ಬಾರ್’ ಅಂತ ಬರೆದಿದ್ದರೆ ಅದು ಬೇರೆಯೇ ವರ್ಗ, ಅದರಲ್ಲಿ ಇನ್ನೂ ಕಮ್ಮಿ ಇರಬಹುದು. ಅಂಕಿ ಹೆಚ್ಚಿದ್ದಷ್ಟು ಸೋಪು ಗಟ್ಟಿ, ಬಚ್ಚಲಲ್ಲಿ ಬೇಗ ಕರಗಲ್ಲ, ಮೇಲಿಂದ ತುಂಬಿದ ಪುಡಿ ಕಮ್ಮಿ. ಆದರೆ ಎಷ್ಟೋ ಜನ ಗ್ರೇಡ್ 1 ಅಂದರೆ ಚರ್ಮಕ್ಕೆ ಸೌಮ್ಯ ಅಂದುಕೊಳ್ಳುತ್ತಾರೆ, ಅದು ತಪ್ಪು ತಿಳುವಳಿಕೆ. ನಮ್ಮ ಮೈಸೂರು ಸ್ಯಾಂಡಲ್ ಗ್ರೇಡ್ 1 ಸೋಪೇ, ಪರಿಮಳಕ್ಕೆ ಎರಡು ಮಾತಿಲ್ಲ. ಆದರೂ ಅದು ಸೋಪು, ಕ್ಷಾರ ಸ್ವಭಾವದ್ದು. ಗಂಧದ ವಾಸನೆ ಇಲ್ಲದೆ ಸ್ನಾನ ಆದ ಹಾಗೆ ಅನ್ನಿಸದವರು ಅದನ್ನೇ ಕಂಕುಳಿಗೆ, ಪಾದಕ್ಕೆ ಬಳಸಲಿ. ಒಣಗಿ ಬಿರಿದ ಕಣಕಾಲಿಗೆ ಬೇಡ.

ಒಣಚರ್ಮದವರಿಗೆ ಬೇಕಾದದ್ದು ‘ಸಿಂಡೆಟ್ ಬಾರ್’. ನೋಡಲು ಸೋಪಿನಂತೆಯೇ ಇರುತ್ತೆ, ಆದರೆ ಸೋಪಲ್ಲ, ಪಿಹೆಚ್ 5.5ರಿಂದ 7ರ ಒಳಗೆ. ಗುರುತು ಹಿಡಿಯುವುದು ಸುಲಭ. ಘಟಕಗಳ ಪಟ್ಟಿಯಲ್ಲಿ ಮೊದಲ ಹೆಸರು ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್, ಸೋಡಿಯಂ ಟ್ಯಾಲೋವೇಟ್ ಅಂತಿದ್ದರೆ ಅದು ಸೋಪು. ಸೋಡಿಯಂ ಕೊಕಾಯಿಲ್ ಐಸೆಥಿಯೊನೇಟ್ ಅಂತ ಶುರುವಾದರೆ ಸಿಂಡೆಟ್. ಬೆಲೆ ಎರಡು ಮೂರು ಪಟ್ಟು ಹೆಚ್ಚು, ಹಾಗಾಗಿ ಇಡೀ ಮನೆಗೆ ಅದನ್ನೇ ತರಬೇಕಿಲ್ಲ. ಬೇಕಾದವರಿಗೆ ಒಂದು ತಂದು ಬೇರೆ ಪೆಟ್ಟಿಗೆಯಲ್ಲಿಡಿ. ಸೋಪುಪೆಟ್ಟಿಗೆಯ ತಳದಲ್ಲಿ ತೂತಿರಲಿ. ಸಿಂಡೆಟ್ ನೀರಲ್ಲಿ ಕೂತರೆ ಸೋಪಿಗಿಂತ ಬೇಗ ಅಂಬಲಿಯಾಗುತ್ತೆ.

ಕ್ರಿಮಿನಾಶಕ ಸೋಪು, ಬಕೆಟ್ಟಿಗೆ ಒಂದು ಮುಚ್ಚಳ ಸುರಿಯುವ ಆಂಟಿಸೆಪ್ಟಿಕ್ ದ್ರಾವಣ ಇವುಗಳ ಬಗ್ಗೆ ಒಂದೇ ಮಾತು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2016ರಲ್ಲಿ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಸೇರಿ 19 ಕ್ರಿಮಿನಾಶಕಗಳನ್ನು ಮನೆಬಳಕೆಯ ಸೋಪಿನಿಂದ ಹೊರಹಾಕಿತು. ಸಾದಾ ಸೋಪು, ನೀರಿಗಿಂತ ಇವು ಮೇಲು ಅಂತ ಕಂಪನಿಗಳು ತೋರಿಸಿಕೊಡಲಿಲ್ಲ. ದ್ರಾವಣವನ್ನು ನೀರು ಬೆರೆಸದೆ ತೊಡೆಸಂದಿಗೆ ಹಚ್ಚಿಕೊಂಡು ಚರ್ಮ ಸುಟ್ಟುಕೊಂಡು ಬರುವವರು ಚರ್ಮವೈದ್ಯರಿಗೆ ಹೊಸಬರಲ್ಲ.

ಇನ್ನು ಬಿಸಿನೀರಿನ ಕಥೆ. ನಮ್ಮಲ್ಲಿ ಹಂಡೆ ಕಾಲದಿಂದ ಬಂದ ಅಭ್ಯಾಸ ಇದು, ಹೊಗೆಯಾಡುವ ನೀರು ಸುರಿದುಕೊಂಡರೇನೇ ಮೈನೋವು ಬಿಡುವುದು ಅಂತ. ಚರ್ಮಕ್ಕೆ ಹಿತವಾದ ನೀರು 36ರಿಂದ 38 ಡಿಗ್ರಿ, ಅಂದರೆ ನಮ್ಮ ಮೈಯಷ್ಟೇ ಬೆಚ್ಚಗೆ. 40 ದಾಟಿತು ಅಂದರೆ ಮೇಲೆ ಹೇಳಿದ ಜಿಡ್ಡು ಬೇಗ ಸಡಿಲವಾಗಿ ಸೋಪಿನ ಜೊತೆ ಹೊರಟುಹೋಗುತ್ತೆ. ಗೀಸರ್ ನೀರು ಸುಮಾರು 60 ಡಿಗ್ರಿ, ನಲ್ಲಿ ನೀರು 25 ಡಿಗ್ರಿ ಅಂತ ಇಟ್ಟುಕೊಂಡರೆ, 20 ಲೀಟರ್ ಬಕೆಟ್ಟಿಗೆ ಏಳೂವರೆ ಲೀಟರ್ ಬಿಸಿ, ಹನ್ನೆರಡೂವರೆ ಲೀಟರ್ ತಣ್ಣೀರು ಬೆರೆಸಿದರೆ 38 ಡಿಗ್ರಿ ಬರುತ್ತೆ. ಅಂದರೆ ಬಕೆಟ್ಟಿನ ಮೂರನೇ ಒಂದಕ್ಕಿಂತ ತುಸು ಮೇಲೆ. ಜನವರಿ ಬೆಳಗಿನಲ್ಲಿ ಮೇಲಿನ ಟ್ಯಾಂಕಿನ ನೀರು 20 ಡಿಗ್ರಿಗೆ ಇಳಿದಿದ್ದರೆ ಬಿಸಿ ಒಂಬತ್ತು ಲೀಟರ್ ಬೇಕು. ಒಂದು ಸಲ ಅಳೆದು ಬಕೆಟ್ಟಿನ ಒಳಗೆ ಗೆರೆ ಹಾಕಿಟ್ಟರೆ ದಿನಾ ಯೋಚಿಸಬೇಕಿಲ್ಲ. ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮಕ್ಕಳಿರುವ ಮನೆಯಲ್ಲಂತೂ ಈ ಸರದಿ ತಪ್ಪಬಾರದು, ಬರೀ ಕುದಿನೀರಿರುವ ಬಕೆಟ್ಟಿಗೆ ಮಗು ಕೈ ಹಾಕುವುದಕ್ಕೆ ಅರೆಗಳಿಗೆ ಸಾಕು. ಸೋಲಾರ್ ಇರುವವರು ಇನ್ನೂ ಎಚ್ಚರವಾಗಿರಬೇಕು. ಬಿಸಿಲು ಕಾದ ದಿನ ಸಂಜೆಯ ನೀರಿಗೂ ಮೋಡದ ದಿನದ ನೀರಿಗೂ ಹೋಲಿಕೆಯೇ ಇರಲ್ಲ, ಹಾಕಿದ ಗೆರೆ ಅಲ್ಲಿ ನಡೆಯಲ್ಲ. ಮೊಣಕೈ ಅದ್ದಿ ನೋಡಿ, ಬೆಚ್ಚಗಿದೆ ಅನ್ನಿಸಬೇಕು, ಬಿಸಿ ಅನ್ನಿಸಬಾರದು.

ಮೈ ತುರಿಸುವವರು ಸುಡುನೀರು ಸುರಿದುಕೊಳ್ಳುವುದು ನಮ್ಮ ಕಡೆ ಮಾಮೂಲು. ಸುರಿದ ಕ್ಷಣಕ್ಕೆ ಸ್ವರ್ಗ, ನಿಜ. ಶಾಖಕ್ಕೆ ನರಗಳು ತುರಿಕೆಯ ಸುದ್ದಿ ಬಿಟ್ಟು ಉರಿಯ ಸುದ್ದಿ ಒಯ್ಯುತ್ತವೆ, ಅಷ್ಟೇ. ಮೈ ಆರಿದ ಮೇಲೆ ಚರ್ಮ ಮೊದಲಿಗಿಂತ ಒಣಗಿರುತ್ತೆ, ತುರಿಕೆ ದುಪ್ಪಟ್ಟಾಗಿ ವಾಪಸ್ ಬರುತ್ತೆ. ಅಂಥವರಿಗೆ ಉಗುರುಬೆಚ್ಚಗಿನ ನೀರು, ಐದು ನಿಮಿಷ, ಅದಕ್ಕಿಂತ ಹೆಚ್ಚಲ್ಲ. ಉಳಿದವರಿಗೂ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಬಕೆಟ್ ಸ್ನಾನದ ಒಂದು ಲಾಭ ಇದೇ. 20 ಲೀಟರ್ ಮುಗಿದರೆ ಸ್ನಾನ ಮುಗಿಯಿತು. ಶವರ್ ನಿಮಿಷಕ್ಕೆ ಎಂಟು ಹತ್ತು ಲೀಟರ್ ಸುರಿಸುತ್ತೆ, ನಿಲ್ಲಿಸುವ ಮನಸ್ಸು ಬರಲ್ಲ.

ಗ್ಯಾಸ್ ಗೀಸರ್ ಬಗ್ಗೆ ಒಂದು ಎಚ್ಚರಿಕೆ, ಇದು ಚರ್ಮದ ವಿಷಯ ಅಲ್ಲದಿದ್ದರೂ. ಕಿಟಕಿ ಇಲ್ಲದ ಬಚ್ಚಲಲ್ಲಿ ಅದನ್ನು ಹಾಕಿಸಬೇಡಿ. ಬೆಂಕಿಗೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ. ಅದಕ್ಕೆ ವಾಸನೆ ಇಲ್ಲ, ಬಾಗಿಲು ಹಾಕಿಕೊಂಡವರು ಒಳಗೇ ಕುಸಿಯುತ್ತಾರೆ. ಗೀಸರ್ ಬಚ್ಚಲ ಹೊರಗಿರಲಿ, ಪೈಪಿನಲ್ಲಿ ನೀರು ಒಳಗೆ ಬರಲಿ.

ಇನ್ನು ನೀರಿನ ಗುಣ. ಮೈಸೂರು ಊರೊಳಗೆ ಕಾವೇರಿ, ಕಬಿನಿ ನೀರು ಬರುವ ಮನೆಗಳಿಗೆ ಈ ಚಿಂತೆ ಕಮ್ಮಿ. ಹೊರವಲಯದ ಹೊಸ ಬಡಾವಣೆಗಳಲ್ಲಿ, ಮಂಡ್ಯದ ಎಷ್ಟೋ ಹಳ್ಳಿಗಳಲ್ಲಿ ಬೋರ್‌ವೆಲ್ ನೀರೇ ಗತಿ. ಬೇಳೆ ಬೇಯಲ್ಲ, ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತೆ, ನಲ್ಲಿಯ ಬಾಯಲ್ಲಿ ಬಿಳಿ ಪುಡಿ, ಸೋಪು ಎಷ್ಟು ಉಜ್ಜಿದರೂ ನೊರೆ ಇಲ್ಲ. ಇದು ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದ ಕಡೆ 600ರವರೆಗೆ ಒಪ್ಪಿಗೆ ಇದೆ. ಇಂಥ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಒಂದು ಅಂಟು ಗಷ್ಟಾಗುತ್ತೆ. ಬಕೆಟ್ಟಿನ ಒಳಮೈಗೆ ಬೂದುಬಣ್ಣದ ಉಂಗುರ ಕಟ್ಟುವುದು ಅದೇ. ಬಕೆಟ್ಟಿಗೆ ಅಂಟಿದ್ದು ಮೈಗೂ ಅಂಟಿರುತ್ತೆ. ಸ್ನಾನ ಆದ ಮೇಲೂ ಚರ್ಮ ಬಿಗಿಬಿಗಿ, ಕೈಯಾಡಿಸಿದರೆ ಜರ್ರ್ ಅನ್ನುವುದು ಅದರಿಂದ. ಜನ ಅದನ್ನೇ ಶುಭ್ರವಾದ ಗುರುತು ಅಂದುಕೊಂಡು ಇನ್ನಷ್ಟು ಸೋಪು ಹಚ್ಚುತ್ತಾರೆ, ಗಷ್ಟು ಇನ್ನಷ್ಟಾಗುತ್ತೆ.

ನೀರಿನ ಗಡಸುತನ ನೋಡಲು ಲ್ಯಾಬ್ ಬೇಕಿಲ್ಲ. ಪಾರದರ್ಶಕ ಬಾಟಲಿಯಲ್ಲಿ ಅರ್ಧ ನೀರು ಹಿಡಿದು, ಸಾದಾ ಸೋಪಿನ ಎರಡು ಮೂರು ತೆಳು ಚೂರು ಹಾಕಿ ಚೆನ್ನಾಗಿ ಕುಲುಕಿ. ಮೇಲೆ ನೊರೆ ನಿಂತು ಕೆಳಗೆ ನೀರು ಹೆಚ್ಚುಕಮ್ಮಿ ತಿಳಿಯಾಗಿದ್ದರೆ ಮೆದು ನೀರು. ನೊರೆ ಇಲ್ಲದೆ ಹಾಲೊಡೆದಂತೆ ಬಿಳಿ ತುಣುಕು ತೇಲಿದರೆ ಗಡಸು. ಈ ಪರೀಕ್ಷೆಗೆ ಶಾಂಪೂ ಅಥವಾ ಪಾತ್ರೆ ತೊಳೆಯುವ ದ್ರವ ಹಾಕಬೇಡಿ, ಅವು ಗಡಸು ನೀರಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತವೆ. ಅದೇ ಗುಣ ಸ್ನಾನಕ್ಕೆ ಅನುಕೂಲ. ಸಿಂಡೆಟ್ ಬಾರ್ ಗಡಸು ನೀರಲ್ಲಿ ಗಷ್ಟು ಕಟ್ಟಲ್ಲ. ಹಾಗಾಗಿ ಬೋರ್‌ವೆಲ್ ಮನೆಯವರು ಗಡಸುತನ ತೆಗೆಯುವ ಸಾವಿರಾರು ರೂಪಾಯಿಯ ಸಾಫ್ಟನರ್ ಯಂತ್ರ ಹಾಕಿಸುವ ಮೊದಲು ಸೋಪು ಬದಲಾಯಿಸಿ ನೋಡಲಿ. ಇಸುಬು ಇದ್ದ 336 ಮಕ್ಕಳ ಮನೆಗಳಲ್ಲಿ ಬ್ರಿಟನ್‌ನವರು ಸಾಫ್ಟನರ್ ಪರೀಕ್ಷೆ ಮಾಡಿದ್ದರು, ಫಲಿತಾಂಶ 2011ರಲ್ಲಿ ಬಂತು. ಮಾಮೂಲು ಚಿಕಿತ್ಸೆಗಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಗೀಸರ್ ಕಾಯಿಲ್ ಉಳಿಸಿಕೊಳ್ಳಲು ಹಾಕಿಸುವುದಾದರೆ ಅದು ಬೇರೆ ಲೆಕ್ಕ. ನೀರು ಕಾಯಿಸಿದರೆ ಗಡಸುತನದ ಒಂದು ಭಾಗ ಮಾತ್ರ ಕೆಳಗೆ ಕೂರುತ್ತೆ, ಪೂರ್ತಿ ಹೋಗಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಎರಡು ಚೊಂಬು ಅದರಲ್ಲಿ ಹುಯ್ಕೊಳ್ಳಿ.

ಸ್ನಾನದ ಸರದಿಗೂ ಅರ್ಥ ಇದೆ. ತಲೆಗೆ ನೀರು ಹಾಕುವ ದಿನ ಮೊದಲು ತಲೆ, ಆಮೇಲೆ ಮೈ. ಶಾಂಪೂ, ಕಂಡೀಷನರ್ ಬೆನ್ನ ಮೇಲೆ ಇಳಿದು ಉಳಿದರೆ ಹರೆಯದವರ ಬೆನ್ನು, ಹಣೆಯಂಚಿನಲ್ಲಿ ಮೊಡವೆ ಏಳುತ್ತೆ. ತಲೆ ತೊಳೆದಾದ ಮೇಲೆ ಬೆನ್ನು, ಕತ್ತು ಇನ್ನೊಂದು ಸಲ ತೊಳೆಯಬೇಕು. ಸೋಪನ್ನು ನೇರ ಮೈಗೆ ತಿಕ್ಕುವ ಬದಲು ಅಂಗೈಯಲ್ಲಿ ನೊರೆ ಮಾಡಿ ಹಚ್ಚಿ, ಅರ್ಧ ನಿಮಿಷದಲ್ಲಿ ತೊಳೆಯಿರಿ. ಮೈಗೆಲ್ಲ ಸೋಪು ಬಳಿದುಕೊಂಡು ಮೊಬೈಲ್ ಹಾಡು ಕೇಳುತ್ತಾ ನಿಲ್ಲುವುದು ಚರ್ಮಕ್ಕೆ ಮಾಡುವ ಅನ್ಯಾಯ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಬಣ್ಣಬಣ್ಣದ ನೈಲಾನ್ ಉಜ್ಜುಬಲೆ. ವರ್ಷಗಟ್ಟಲೆ ದಿನಾ ಅದರಲ್ಲಿ ತಿಕ್ಕಿದವರ ಬೆನ್ನ ಮೇಲ್ಭಾಗ, ತೋಳಿನ ಹೊರಮೈ, ಕಣಕಾಲು ನೋಡಿ. ಚಿಕ್ಕ ಚಿಕ್ಕ ಅಲೆಗಳಂತೆ ಸಾಲಾಗಿ ಬೂದುಗಪ್ಪು ಕಲೆ ಕೂತಿರುತ್ತೆ. ಕೊಳೆ ಅಂದುಕೊಂಡು ಇನ್ನೂ ಜೋರಾಗಿ ಉಜ್ಜುತ್ತಾರೆ, ಇನ್ನೂ ಕಪ್ಪಾಗುತ್ತೆ. ಅದು ತಿಕ್ಕಾಟಕ್ಕೆ ಚರ್ಮ ಕೊಟ್ಟ ಬಣ್ಣ, ಒಂದು ಬಗೆಯ ಪ್ರೋಟೀನ್ ಚರ್ಮದೊಳಗೆ ಸೇರಿಕೊಂಡಿರುವುದೂ ಉಂಟು. ಮಾಯಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಪೂರ್ತಿ ಮಾಯುವುದೇ ಇಲ್ಲ. ಹೀರೇಕಾಯಿ ನಾರು, ಮೈಯುಜ್ಜುವ ಕಲ್ಲು ಹಿಮ್ಮಡಿಗೆ ಮಾತ್ರ, ಅದೂ ವಾರಕ್ಕೆ ಎರಡು ಸಲ. ಉಳಿದ ಮೈಗೆ ಅಂಗೈ ಸಾಕು. ಚರ್ಮದ ಮೇಲ್ಪದರ ಸುಮಾರು ಒಂದು ತಿಂಗಳಲ್ಲಿ ತಾನಾಗಿ ಉದುರಿ ಹೊಸದಾಗುತ್ತೆ. ಉಜ್ಜಿದಾಗ ಉರುಳೆ ಉರುಳೆಯಾಗಿ ಬರುವ ‘ಮಣ್ಣು’ ಬಹುಪಾಲು ಈ ಸತ್ತ ಚರ್ಮ, ಸೋಪಿನ ಗಷ್ಟು.

ಎಣ್ಣೆಸ್ನಾನದ ವಿಷಯಕ್ಕೆ ಬಂದರೆ ಹಿರಿಯರ ಲೆಕ್ಕ ಸರಿಯಾಗಿಯೇ ಇತ್ತು. ಯುಗಾದಿಗೆ, ನರಕ ಚತುರ್ದಶಿಗೆ ಮಾತ್ರ ಉಳಿಸಿಕೊಂಡಿದ್ದೇವೆ, ಚಳಿಗಾಲದಲ್ಲಿ ವಾರಕ್ಕೊಮ್ಮೆ ಮಾಡಿದರೆ ಒಣಚರ್ಮದವರಿಗೆ ಬಹಳ ಒಳ್ಳೇದು. ಎಣ್ಣೆ ಚರ್ಮದ ಒಳಗೆ ಇಳಿದು ಪೋಷಣೆ ಕೊಡುತ್ತೆ ಅನ್ನುವುದಕ್ಕಿಂತ, ಮೇಲೊಂದು ಪದರವಾಗಿ ನಿಂತು ಸೋಪಿನ ಹೊಡೆತ ತಡೆಯುತ್ತೆ ಅನ್ನುವುದು ಸರಿ. ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ, ದೊಡ್ಡವರಿಗೆ 30ರಿಂದ 40 ಮಿಲಿಲೀಟರ್. ಹರಳೆಣ್ಣೆ ಬಹಳ ಮಂದ, ಬೇಕಿದ್ದವರು ನಾಲ್ಕರಲ್ಲಿ ಒಂದು ಪಾಲು ಬೆರೆಸಿಕೊಳ್ಳಲಿ. ಸಾಸಿವೆ ಎಣ್ಣೆ ಕೆಲವರಿಗೆ ಉರಿ ಏಳಿಸುತ್ತೆ, ನಮ್ಮ ಕಡೆಯ ಬಳಕೆಯೂ ಅಲ್ಲ. ಅರ್ಧ ಗಂಟೆ ಬಿಟ್ಟು, ಸೀಗೆಪುಡಿ ಅಥವಾ ಕಡಲೆಹಿಟ್ಟಿನಲ್ಲಿ ತೊಳೆಯಿರಿ. ಮೂರು ದೊಡ್ಡ ಚಮಚ ಪುಡಿಗೆ ಬೆಚ್ಚಗಿನ ಅಕ್ಕಿಗಂಜಿ ಸೇರಿಸಿ ದೋಸೆಹಿಟ್ಟಿನ ಹದಕ್ಕೆ ಕಲಸಬೇಕು. ಇಲ್ಲಿ ತಪ್ಪುವುದು ಒಂದೇ ಕಡೆ, ಪುಡಿಯ ಸಣ್ಣತನ. ಮಿಲ್ಲಿನಿಂದ ತಂದ ಸೀಗೆಪುಡಿಯಲ್ಲಿ ಕಾಯಿಯ ಚೂರು, ನಾರು ಉಳಿದಿರುತ್ತೆ, ಅದು ಮೈಯನ್ನು ಗೀರುತ್ತೆ. ತೆಳು ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿಯೇ ಬಳಸಿ. ಕಣ್ಣಿಗೆ ಬಿದ್ದರೆ ಉರಿ ಕೇಳಲೇಬೇಡಿ. ಬಚ್ಚಲ ನೆಲಕ್ಕೆ ಎಣ್ಣೆ ಇಳಿದಿರುತ್ತೆ, ಮುಂದಿನವರು ಹೋಗುವ ಮೊದಲು ಅದೇ ಸೀಗೆಪುಡಿ ಉದುರಿಸಿ ಉಜ್ಜಿ ತೊಳೆಯಿರಿ.

ಎಣ್ಣೆಸ್ನಾನ ಬೇಡವಾದವರೂ ಇದ್ದಾರೆ. ಬೆನ್ನು, ಎದೆಯ ಮೇಲೆ ಮೊಡವೆ ಇರುವವರು, ಕತ್ತು ಎದೆಯಲ್ಲಿ ಚಿಬ್ಬು ಇರುವವರು. ಚಿಬ್ಬಿನ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಚಿಬ್ಬಿಗೆ ಕೀಟೋಕೊನಜೋಲ್ 2 ಶೇಕಡಾ ಶಾಂಪೂವನ್ನು ಕಲೆ ಇರುವಲ್ಲಿ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು ಬಳಕೆಯಲ್ಲಿರುವ ಕ್ರಮ, ಎಷ್ಟು ದಿನ ಅಂತ ವೈದ್ಯರನ್ನು ಕೇಳಿ. ಶಿಲೀಂಧ್ರ ಸತ್ತ ಮೇಲೂ ಬಿಳಿ ಕಲೆ ಮೈಬಣ್ಣಕ್ಕೆ ತಿರುಗಲು ಕೆಲವು ತಿಂಗಳು ಬೇಕು, ಔಷಧ ಹಿಡಿಯಲಿಲ್ಲ ಅಂತ ಬೈಯಬೇಡಿ.

ಸ್ನಾನ ಮುಗಿದ ಮೇಲಿನ ಮೂರು ನಿಮಿಷವನ್ನು ಹೆಚ್ಚಿನವರು ಕಳೆದುಕೊಳ್ಳುತ್ತಾರೆ. ಟವೆಲ್‌ನಲ್ಲಿ ತಿಕ್ಕದೆ ಒತ್ತಿ ಒರೆಸಿ. ಮೈ ಇನ್ನೂ ತುಸು ತೇವ ಇರುವಾಗಲೇ ಕೊಬ್ಬರಿ ಎಣ್ಣೆಯೋ, ಪೆಟ್ರೋಲಿಯಂ ಜೆಲ್ಲಿಯೋ, ವಾಸನೆ ಇಲ್ಲದ ಮಾಯಿಶ್ಚರೈಸರೋ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಒಳಗೆ ಹಿಡಿದಿಡಲು ನೀರೇ ಉಳಿದಿರಲ್ಲ. ಮೊಣಕೈಯಿಂದ ಕೆಳಗೆ, ಮೊಣಕಾಲಿಂದ ಕೆಳಗೆ ಮಾತ್ರವಾದರೆ ಒಂದು ಟೀ ಚಮಚ ಎಣ್ಣೆ ಸಾಕು. ಇಡೀ ಮೈಗೆ ಕ್ರೀಮ್ ಆದರೆ 20ರಿಂದ 30 ಗ್ರಾಂ ಬೇಕು. ಐವತ್ತು ಗ್ರಾಂ ಟ್ಯೂಬನ್ನು ಎರಡು ತಿಂಗಳು ಓಡಿಸುವವರಿಗೆ ಗುಣ ಕಾಣದಿದ್ದರೆ ತಪ್ಪು ಕ್ರೀಮಿನದಲ್ಲ.

ಹೊಲಗದ್ದೆಯವರ ಲೆಕ್ಕ ಬೇರೆ. ಕಬ್ಬು ಕಡಿದು ಬಂದವರ ಮೈಮೇಲೆ ಸೋಗೆಯ ಸಣ್ಣ ಮುಳ್ಳುಕೂದಲು ಕೂತಿರುತ್ತೆ. ಮೊದಲೇ ಉಜ್ಜಿದರೆ ಅವು ಒಳಗೆ ಚುಚ್ಚಿಕೊಳ್ಳುತ್ತವೆ. ನಾಲ್ಕೈದು ಚೊಂಬು ತಣ್ಣೀರು ಮೇಲಿಂದ ಸುರಿದು, ಆಮೇಲೆ ಸೋಪಿನ ನೊರೆ. ಪಾರ್ಥೇನಿಯಂ ಕಳೆ ಕಿತ್ತವರು ಮನೆಗೆ ಬಂದ ತಕ್ಷಣ ಸ್ನಾನ ಮಾಡಿ, ಆ ಬಟ್ಟೆ ಬೇರೆ ನೆನೆಸಬೇಕು. ರೆಪ್ಪೆ, ಕತ್ತಿನ ಮಡಿಕೆ, ಮೊಣಕೈ ಒಳಭಾಗ ಕೆಂಪಾಗಿ ದಪ್ಪಗಾಗುತ್ತಿದ್ದರೆ ಆ ಗಿಡದ ಅಲರ್ಜಿ ಇರಬಹುದು. ಔಷಧ ಸಿಂಪಡಿಸಿದ ದಿನ ಮಾತ್ರ ಜಾಗ ನೋಡಿ ಸೋಪು ಅನ್ನುವ ಮಾತು ಮರೆತುಬಿಡಿ. ತಲೆಯಿಂದ ಕಾಲವರೆಗೆ, ಉಗುರಿನ ಸಂದಿಯವರೆಗೆ ಸೋಪು, ಧಾರಾಳ ನೀರು, ಬಿಸಿನೀರು ಬೇಡ. ಬಿಸಿಗೆ ಚರ್ಮದಲ್ಲಿ ರಕ್ತದ ಓಡಾಟ ಹೆಚ್ಚಿ ವಿಷ ಒಳಗೆ ಹೀರುವುದು ಹೆಚ್ಚಾಗುತ್ತೆ. ನಾಟಿ ಕಾಲದಲ್ಲಿ ಕಾಲ್ಬೆರಳ ಸಂದಿ ಬೆಳ್ಳಗೆ ಕೊಳೆತು ಕೆಸರುಹುಣ್ಣಾಗುವವರು ಎಷ್ಟು ಸಲ ತೊಳೆದರು ಅನ್ನುವುದಕ್ಕಿಂತ ಎಷ್ಟು ಚೆನ್ನಾಗಿ ಒಣಗಿಸಿದರು ಅನ್ನುವುದು ಮುಖ್ಯ. ಒಂದೊಂದು ಸಂದಿಗೂ ಬಟ್ಟೆಯ ತುದಿ ತೂರಿಸಿ ಒರೆಸಬೇಕು.

ಒಣಗಿಸುವುದು ಹುಳುಕಡ್ಡಿಗೂ ಅಷ್ಟೇ ಮುಖ್ಯ. ಈಗಿನ ಹುಳುಕಡ್ಡಿ ಹಠಮಾರಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮೂರು ನಾಲ್ಕು ಔಷಧ ಬೆರೆತ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತೆ. ತುರಿಕೆ ಎರಡು ದಿನದಲ್ಲಿ ನಿಲ್ಲುತ್ತೆ, ಶಿಲೀಂಧ್ರ ಒಳಗೊಳಗೇ ಹರಡುತ್ತೆ. ಹೆಚ್ಚು ಸ್ನಾನ, ಹೆಚ್ಚು ಸೋಪಿನಿಂದ ಇದು ಹೋಗಲ್ಲ. ಮಾಡಬೇಕಾದದ್ದು: ತನ್ನದೇ ಟವೆಲ್, ಒದ್ದೆ ಒಳಉಡುಪು ಹಾಕದಿರುವುದು, ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕುವುದು. ಇನ್ನೊಂದು, ಉಡುದಾರ. ಸೊಂಟದ ಸುತ್ತ ಗೆರೆ ಹಿಡಿದಂತೆ ಹುಳುಕಡ್ಡಿ ಬಂದಿದ್ದರೆ ಆ ದಾರ ದಿನಾ ನೆನೆದು ಒಣಗದೆ ಉಳಿದಿರುತ್ತೆ, ಶಿಲೀಂಧ್ರ ಅದರಲ್ಲೇ ಮನೆ ಮಾಡಿರುತ್ತೆ. ಗುಣವಾಗುವವರೆಗೆ ತೆಗೆದಿಡಿ. ಬೆಳ್ಳಿಯದಾದರೆ ಬಿಚ್ಚಿ ತೊಳೆದು ಒಣಗಿಸಿ ಹಾಕಿಕೊಳ್ಳಬಹುದು.

ಬೆವರುಸಾಲೆಗೆ ತಣ್ಣೀರು, ಗಾಳಿ, ಸಡಿಲ ಹತ್ತಿಬಟ್ಟೆ. ದಿನಕ್ಕೆ ಮೂರು ಸಲ ನೀರು ಹುಯ್ಕೊಂಡರೂ ಸರಿ, ಸೋಪು ಬೇಡ. ಮೇಲೆ ಗಟ್ಟಿಯಾಗಿ ಬಳಿದ ಪೌಡರ್ ಬೆವರಲ್ಲಿ ಕಲಸಿ ಮಡಿಕೆಗಳಲ್ಲಿ ಮೆತ್ತುತ್ತೆ, ಕೂಸುಗಳ ಉಸಿರಿಗೂ ಹೋಗುತ್ತೆ.

ಕೂಸಿನ ಮೊದಲ ಸ್ನಾನವನ್ನು ಹುಟ್ಟಿದ 24 ಗಂಟೆಯ ನಂತರ ಮಾಡಿಸಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೈಮೇಲಿನ ಬಿಳಿ ಜಿಡ್ಡನ್ನು ತಿಕ್ಕಿ ತೆಗೆಯಬಾರದು. ಆಮೇಲೆ ವಾರಕ್ಕೆ ಎರಡು ಮೂರು ಸ್ನಾನ ಸಾಕು. ದಿನಾ ಮಾಡಿಸಲೇಬೇಕು ಅಂದರೆ ಐದು ನಿಮಿಷ, 37 ಡಿಗ್ರಿ, ಸೋಪಿಲ್ಲದೆ. ನೀರು ಹಾಕುವ ಅಜ್ಜಿಯಂದಿರ ಕೈ ಪಳಗಿದ್ದು ನಿಜ, ಆದರೆ ಮೈ ಕೆಂಪಾಗುವಷ್ಟು ಬಿಸಿ, ಕಡಲೆಹಿಟ್ಟಿನಲ್ಲಿ ಕೂದಲು ಉದುರಲೆಂದು ತಿಕ್ಕುವುದು, ಮೂಗು ಕಿವಿಗೆ ಎಣ್ಣೆ ಬಿಡುವುದು, ಬಾಗಿಲು ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುವುದು ಈ ನಾಲ್ಕಕ್ಕೆ ‘ಬೇಡ ಅಜ್ಜಿ’ ಅಂತ ಮೆತ್ತಗೆ ಹೇಳಲೇಬೇಕು.

ಸಕ್ಕರೆ ಕಾಯಿಲೆ ಇರುವವರು ನೀರಿನ ಬಿಸಿಯನ್ನು ಕಾಲಲ್ಲಿ ನೋಡಬಾರದು. ಪಾದದ ನರ ಮಂದವಾಗಿದ್ದರೆ ಬೊಬ್ಬೆ ಎದ್ದ ಮೇಲೇ ಗೊತ್ತಾಗುವುದು. ಸ್ನಾನದ ಹೊತ್ತಿಗೆ ಪಾದ ತಿರುಗಿಸಿ ಹಿಮ್ಮಡಿ, ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ, ಕಣ್ಣು ಮಂಜಾಗಿದ್ದರೆ ಮನೆಯವರಿಗೆ ತೋರಿಸಿ. ಎಣ್ಣೆ, ಕ್ರೀಮು ಪಾದಕ್ಕೆ ಹಚ್ಚಿ, ಬೆರಳ ಸಂದಿಗೆ ಬೇಡ.

ಸ್ನಾನದ ಕ್ರಮ ಸರಿ ಮಾಡಿಕೊಂಡು ಎರಡು ಮೂರು ವಾರ ಆದರೂ ತುರಿಕೆ ಇಳಿಯದಿದ್ದರೆ, ರಾತ್ರಿ ನಿದ್ದೆ ಕೆಡಿಸುವ ತುರಿಕೆ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಶುರುವಾಗಿದ್ದರೆ, ತಡಮಾಡಬೇಡಿ. ಎರಡನೆಯದು ಕಜ್ಜಿ ಇರಬಹುದು. ಅದು ಸಣ್ಣ ನುಸಿಯಿಂದ ಬರುವುದು, ಸ್ನಾನ ಮಾಡದ್ದಕ್ಕೆ ಬಂದದ್ದಲ್ಲ, ಸ್ನಾನದಿಂದ ಹೋಗುವುದೂ ಇಲ್ಲ, ಮನೆಮಂದಿಗೆಲ್ಲ ಒಂದೇ ರಾತ್ರಿ ಔಷಧ ಹಚ್ಚಬೇಕಾಗುತ್ತೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡರಲ್ಲೂ ಚರ್ಮರೋಗ ವಿಭಾಗ ಇದೆ. ಹೋಗುವ ದಿನ ಬೆಳಿಗ್ಗೆ ಬರೀ ನೀರಿನ ಸ್ನಾನ ಮಾಡಿ, ಎಣ್ಣೆ, ಪೌಡರ್, ಕ್ರೀಮು ಏನೂ ಹಚ್ಚದೆ ಹೋಗಿ. ಇಲ್ಲಿಯವರೆಗೆ ಬಳಸಿದ ಸೋಪಿನ ಪೊಟ್ಟಣ, ಖಾಲಿಯಾದ ಟ್ಯೂಬುಗಳನ್ನು ಒಂದು ಕವರಿಗೆ ಹಾಕಿಕೊಂಡು ಹೋದರೆ, ಯಾವುದರಲ್ಲಿ ಸ್ಟೀರಾಯ್ಡ್ ಇತ್ತು ಅಂತ ವೈದ್ಯರೇ ನೋಡಿ ಹೇಳುತ್ತಾರೆ.